ಮೂರು ಸಾಲಿನ ಗಾಡಿಯೂ ನಮ್ಮತ್ತೆಯ ಹೊಟ್ಟೆಯೂ

ಹೊಸ ಗಾಡಿ ನೋಡಲು ಹೋದರೆ ನಾನು ಬಾನೆಟ್ ಎತ್ತಿಸುವುದಿಲ್ಲ. ಎತ್ತಿಸಿದರೂ ಒಳಗೆ ಇರುವುದೇನು ಎಂದು ನನಗೆ ತಿಳಿಯುವುದಿಲ್ಲ, ತಿಳಿದವಳ ಹಾಗೆ ತಲೆಯಾಡಿಸುವ ವಯಸ್ಸೂ ಮುಗಿಯಿತು. ಟೈರಿಗೆ ಒದೆಯುವುದಿಲ್ಲ, ಹಾರನ್ ಹೊಡೆಯುವುದಿಲ್ಲ. ಸೀದಾ ಹಿಂದಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊನೆಯ ಸಾಲಿನ ಸೀಟಿಗೆ ನುಗ್ಗಿ ಕೂತುಬಿಡುತ್ತೇನೆ. ಮೊನ್ನೆ ಮಗಳು ಅಳಿಯನ ಜೊತೆ ಮೈಸೂರಿನ ಶೋರೂಮಿಗೆ ಹೋದಾಗಲೂ ಇದನ್ನೇ ಮಾಡಿದೆ. ಗಾಡಿ ತೋರಿಸುತ್ತಿದ್ದ ಹುಡುಗಿ ಗಾಬರಿಯಾಗಿ, "ಆಂಟಿ, ಅದು ಮಕ್ಕಳಿಗೆ. ನೀವು ಮುಂದೆ ಬನ್ನಿ, ಮುಂದೆ ಎಷ್ಟು ಆರಾಮಾಗಿದೆ ನೋಡಿ" ಎಂದಳು.

"ಮುಂದೆ ಆರಾಮಾಗಿಲ್ಲದ ಗಾಡಿಯನ್ನು ನಾನು ಇದುವರೆಗೆ ನೋಡಿಲ್ಲ ಕಣಮ್ಮ" ಎಂದೆ. ಮಗಳು ಹಣೆ ಚಚ್ಚಿಕೊಂಡಳು. ಆ ಹುಡುಗಿ ನಗಬೇಕೋ ಬೇಡವೋ ಎಂದು ತನ್ನ ಮ್ಯಾನೇಜರ್ ಕಡೆ ನೋಡಿದಳು. ನಾನು ಮಾತ್ರ ಮಂಡಿ ಎದೆಗೆ ತಾಗುವಂತೆ ಮುದುರಿಕೊಂಡು, ಕಣ್ಣು ಮುಚ್ಚಿ, ಚಿನಕುರಳಿಯ ಕಲ್ಲುಗಣಿ ರಸ್ತೆಯನ್ನು ನೆನೆಸಿಕೊಂಡೆ.

ಈ ಚಟ ಹತ್ತಿದ್ದು ಅಲ್ಲೇ, ತೊಂಬತ್ತರ ದಶಕದಲ್ಲಿ. ನಾನು ಕಿರಂಗೂರಿನ ಹುಡುಗಿ. ಶ್ರೀರಂಗಪಟ್ಟಣ ಪಕ್ಕದಲ್ಲೇ ಇದೆ ಎಂಬ ಕಾರಣಕ್ಕೆ ಪೇಟೆಯವಳು ಎಂದು ನನಗೆ ನಾನೇ ಅಂದುಕೊಂಡಿದ್ದೆ. ಮದುವೆಯಾಗಿ ಪಾಂಡವಪುರದ ಆಚೆಯ ಚಿನಕುರಳಿಗೆ ಹೋದೆ. ಆ ಮನೆಯಲ್ಲಿ ಒಂದು ಟ್ರಾಕ್ಟರು, ಎರಡು ಬೈಕು, ಒಂದು ಎತ್ತಿನ ಗಾಡಿ ಇದ್ದವು. ಇವೆಲ್ಲಕ್ಕೂ ಮತ್ತು ನಮ್ಮೆಲ್ಲರಿಗೂ ಸೇರಿ ಒಬ್ಬರೇ ಯಜಮಾನರಿದ್ದರು. ಅವರೇ ನಮ್ಮ ಮಾವನ ಅಣ್ಣ, ದೊಡ್ಡಮಾವ. ದೊಡ್ಡತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ದೊಡ್ಡಮಾವ ಕೂಗಾಡುವ ಮನುಷ್ಯರಲ್ಲ. ಅವರು ಒಂದು ಸಲ ಕೆಮ್ಮಿದರೆ ಅಡುಗೆಮನೆಯಲ್ಲಿ ನಮ್ಮ ಕೈಯ ಬಳೆ ಸದ್ದು ನಿಲ್ಲಿಸುತ್ತಿತ್ತು, ಅಷ್ಟೆ.

ನಮ್ಮ ಮನೆಗೆ ಗಾಡಿಯ ಆಸೆ ಹುಟ್ಟಿಸಿದ್ದು ಕುರಿ ಮಾಂಸ. ನಾಗಮಂಗಲದ ಕಡೆ ಒಂದು ಬೀಗರೂಟವಿತ್ತು. ಹೇಳಿಟ್ಟಿದ್ದ ಬಾಡಿಗೆ ವ್ಯಾನಿನವನು ಬರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಬಂದವನು ಪಾಂಡವಪುರದಲ್ಲಿ ಒಂದು ಸಲ, ಮೇಲುಕೋಟೆ ದಾರಿಯಲ್ಲಿ ಇನ್ನೊಂದು ಸಲ ನಿಲ್ಲಿಸಿ ರೇಡಿಯೇಟರಿಗೆ ನೀರು ಕುಡಿಸಿದ. ನಾವು ಹೋಗಿ ಎಲೆಯ ಮುಂದೆ ಕೂತಾಗ ಮುದ್ದೆ ಇತ್ತು, ಸಾರೂ ಇತ್ತು. ಬಡಿಸುವವನು ಬಕೆಟಿನ ತಳದವರೆಗೂ ಸೌಟು ಆಡಿಸಿ ಆಡಿಸಿ ಹುಡುಕಿದರೂ ಒಂದು ತುಂಡು ಮೇಲೆ ಬರಲಿಲ್ಲ. ಬೀಗರೂಟಕ್ಕೆ ಹೋಗಿ ಬರೀ ಸಾರು ಉಂಡು ಬರುವುದು ನಮ್ಮ ಕಡೆ ಸಣ್ಣ ಮಾತಲ್ಲ. ದೊಡ್ಡಮಾವ ವಾಪಸ್ ಬಂದು ಮನೆಯ ಜಗಲಿ ಹತ್ತಿದ ಮೇಲೆ ಟವೆಲು ಕೊಡವಿ ಒಂದೇ ಮಾತು ಹೇಳಿದರು:

"ಇನ್ನೊಬ್ರ ಗಾಡಿ ನೆಚ್ಕಂಡ್ರೆ ಇಂಗೇ ಕಣ್ಲಾ. ನಾವೇ ಒಂದು ತಗಂಡ್ಬುಡವ. ಮೂರು ಸಾಲು ಸೀಟಿರದು."

ನನ್ನ ಮೈದುನ ಸ್ವಾಮಿ ಅಂಗಳದಲ್ಲೇ ಒಂದು ಸುತ್ತು ಕುಣಿದ. ಅವನು ಮನೆಯ ಟ್ರಾಕ್ಟರ್ ಡ್ರೈವರು. ಗಾಡಿಗಳ ಚಿತ್ರ ಕತ್ತರಿಸಿ ರಾಗಿ ತುಂಬುವ ಹಗೇವಿನ ಕೋಣೆಯ ಗೋಡೆಗೆ ಅಂಟಿಸಿದ್ದವನು. ಅಂದು ಮಧ್ಯಾಹ್ನ ತುಂಡು ಸಿಗದ ದುಃಖ ಅವನಿಗೆ ಆ ಕ್ಷಣವೇ ಮರೆತುಹೋಯಿತು.

ಈಗ ಸಾಲಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕೂರುವುದು ಸುಲಭದ ಕೆಲಸವಲ್ಲ, ಅದಕ್ಕೊಂದು ಶಾಸ್ತ್ರವಿದೆ. ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಯಾರು, ಕೊನೆಯ ಪಂಕ್ತಿಯಲ್ಲಿ ಯಾರು ಎಂಬುದಕ್ಕೆ ಸಂಬಂಧಗಳೇ ಮುರಿದಿವೆ. ಎತ್ತಿನ ಗಾಡಿಯಲ್ಲಂತೂ ಕೂರುವ ಶಾಸ್ತ್ರಕ್ಕೆ ಭೌತಶಾಸ್ತ್ರವೂ ಸೇರಿತ್ತು. ಭಾರ ಮುಂದಾದರೆ ನೊಗ ಎತ್ತಿನ ಹೆಗಲಿಗೆ ಒತ್ತುತ್ತದೆ, ಹಿಂದಾದರೆ ನೊಗ ಕಟ್ಟಿದ ಮೂಕಿಮರ ಮೇಲಕ್ಕೆದ್ದು ಎತ್ತಿನ ಕತ್ತು ಬಿಗಿಯುತ್ತದೆ. ಅದಕ್ಕೇ ಹಳಬರು ಮೈಕಟ್ಟು ನೋಡಿ ಜನರನ್ನು ಹಿಂದೆ ಮುಂದೆ ಸರಿಸಿ ಕೂರಿಸುತ್ತಿದ್ದರು. ದಪ್ಪನೆಯ ಯಜಮಾನನೂ ಎತ್ತಿಗೋಸ್ಕರ ಹಿಂದಕ್ಕೆ ಸರಿಯುತ್ತಿದ್ದ. ಎಂಜಿನ್ ಬಂದ ಮೇಲೆ ಎತ್ತಿನ ಕತ್ತಿನ ಯೋಚನೆ ತಪ್ಪಿತು, ಯಜಮಾನರು ಮುಂದಿನ ಸೀಟಿನಲ್ಲಿ ಖಾಯಂ ಆದರು. ಅವರ ಹಿಂದಿನ ಸಾಲಿನಲ್ಲಿ ಮಿಕ್ಕ ಗಂಡಸರು. ಮೂರನೇ ಸಾಲಿನಲ್ಲಿ ಹೆಂಗಸರು, ಮಕ್ಕಳು, ಮುದ್ದೆ ಪಾತ್ರೆ, ಸೌತೆಕಾಯಿ ಚೀಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಗಾಡಿಯ ಬಾಗಿಲು ತೆಗೆದ ಕೂಡಲೇ ಎಲ್ಲರ ಕಾಲೂ ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ನಡೆಯುತ್ತಿದ್ದವು.

ಆ ಕಾಲದ ಗಾಡಿಗಳ ಮೂರನೇ ಸಾಲು ಇಂದಿನಂತೆ ರಸ್ತೆಗೆ ಮುಖ ಮಾಡಿರಲಿಲ್ಲ. ಎರಡು ಬದಿಗೆ ಎರಡು ಅಡ್ಡ ಬೆಂಚು, ಎದುರುಬದುರು. ಎದುರಿಗೆ ಕೂತವರ ಮಂಡಿಗೆ ನಮ್ಮ ಮಂಡಿ. ರಸ್ತೆ ಎತ್ತ ಹೋಗುತ್ತದೆ ಎಂದು ಕಾಣುತ್ತಿರಲಿಲ್ಲ, ಎತ್ತ ಎಸೆಯುತ್ತದೆ ಎಂದು ಮಾತ್ರ ತಿಳಿಯುತ್ತಿತ್ತು.

ಆ ಬೆಂಚಿನ ಮೂಲೆ ನಮ್ಮತ್ತೆ ನಿಂಗಮ್ಮನವರದು. ಅತ್ತೆ ಗದ್ದೆಯಲ್ಲಿ ನಾಟಿಗೆ ನಿಂತರೆ ಇಬ್ಬರ ಕೆಲಸ ಮಾಡುವವರು, ಮಾತಿನಲ್ಲಿ ನಾಲ್ವರ ಕೆಲಸ. ಚಕ್ರ ಉರುಳತೊಡಗಿದರೆ ಮಾತ್ರ ಮುಗಿಯಿತು. ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ಸೆರಗಿನಲ್ಲಿ ಮುಖ ಮುಚ್ಚಿ, ತಲೆ ತಗ್ಗಿಸಿ ಕೂತರೆ, ಇಳಿಯುವವರೆಗೆ ಅವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಬಸ್ಸಾದರೂ ಅಷ್ಟೆ, ವ್ಯಾನಾದರೂ ಅಷ್ಟೆ. ಅವರ ತವರು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ. ನಮ್ಮೂರಿಂದ ಮಹಾ ದೂರವೇನಲ್ಲ. ಆದರೆ ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿಯುವಂತಾಗುತ್ತಿದ್ದರು. ಹೋಗುವುದೇ ನಿಂತಿತ್ತು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವರ ತಮ್ಮ ಚನ್ನಪ್ಪನೇ ಬಾಗಿನದ ಮೊರ ಹೊತ್ತು ಬಸ್ಸಿನಲ್ಲಿ ಬಂದು ಕೊಟ್ಟು ಹೋಗುತ್ತಿದ್ದ. ಅತ್ತೆ ಬೀದಿಯ ತಿರುವಿನವರೆಗೆ ಹೋಗಿ ಅವನನ್ನು ಕಳಿಸಿ ಬಂದು, ಕಣ್ಣಿಗೆ ಹೊಗೆ ಹೋಯಿತು ಎನ್ನುತ್ತಿದ್ದರು. ಒಲೆ ಹಚ್ಚಿರದ ದಿನವೂ ಅದನ್ನೇ ಹೇಳುತ್ತಿದ್ದರು.

ಗಾಡಿಯ ಸುದ್ದಿ ಎದ್ದ ದಿನ ಅವರು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ನಮ್ದೇ ಗಾಡಿ ಆದ್ರೆ ಬೇಕಾದ ಕಡೆ ನಿಲ್ಸ್‌ಬೋದಲ್ವಾಮ್ಮಿ? ಈ ಸಲ ಗೌರಿ ಹಬ್ಬಕ್ಕೆ ನಾನೇ ಊರ್ಗೋಗಿ ಬಾಗಿನ ಇಸ್ಕತೀನಿ."

ಇದು ದೊಡ್ಡಮಾವನ ಕಿವಿಗೂ ಬಿತ್ತು. ನಿಜ ಹೇಳಬೇಕೆಂದರೆ ಆ ಮನುಷ್ಯನ ಮನಸ್ಸು ಬೆಣ್ಣೆ. ಶೋರೂಮಿನವನಿಗೆ ಅವರು ಹೇಳಿ ಕಳಿಸಿದ ಷರತ್ತು ಒಂದೇ. "ನಮ್ಮನೆ ಹೆಣ್ಮಗ್ಳಿಗೆ ಗಾಡೀಲಿ ಕುಂತ್ರೆ ಆಗಕಿಲ್ಲ. ಅವ್ಳು ವಾಂತಿ ಮಾಡ್ದೆ ಬರೋ ಅಂತ ಗಾಡಿ ಇದ್ರೆ ತತ್ತಾ. ಇಲ್ದಿದ್ರೆ ಬ್ಯಾಡ."

ಹೀಗೆ ನಮ್ಮತ್ತೆಯ ಹೊಟ್ಟೆ ನಮ್ಮ ಮನೆಯ ವಾಹನ ತಪಾಸಣಾಧಿಕಾರಿಯಾಯಿತು.

ಮೊದಲನೆಯದಾಗಿ ಬಂದದ್ದು ಒಂದು ಉದ್ದನೆಯ ಜೀಪು. ಅದರ ಜೊತೆ ಬಂದವರು ಪ್ರಸನ್ನ ಎಂಬ ಬಕ್ಕತಲೆಯ ಮಾರಾಟಗಾರರು. ಟೈ ಕಟ್ಟಿದ್ದರು. ಅಂಗಳದಲ್ಲಿ ಸೆಗಣಿ ತುಳಿದರೂ ನಗು ಬಿಡದ ಮನುಷ್ಯ. "ಟೆಸ್ಟ್ ಡ್ರೈವ್ ಸಾರ್, ಹಾಗೇ ನಾಲೆ ಸೇತುವೆ ತನಕ ಹೋಗಿ ಬಂದುಬಿಡೋಣ. ಒಬ್ಬರೋ ಇಬ್ಬರೋ ಬನ್ನಿ" ಎಂದರು. ನಮ್ಮ ಮನೆಯಲ್ಲಿ ಒಬ್ಬರೋ ಇಬ್ಬರೋ ಎಂಬ ಲೆಕ್ಕವೇ ಇರಲಿಲ್ಲ. ಅವರು ಹಿಂದಕ್ಕೆ ತಿರುಗಿ ನೋಡುವಷ್ಟರಲ್ಲಿ ಇಡೀ ಸಂಸಾರ ಹತ್ತಿ ಕೂತಾಗಿತ್ತು. ತುಂಬಿದ ಪಾತ್ರೆ ಕುಲುಕುತ್ತದೋ ಇಲ್ಲವೋ ನೋಡಬೇಕೆಂದು ದೊಡ್ಡಮಾವ ಹೇಳಿದ್ದರಿಂದ ನನ್ನ ಕಾಲಿನ ನಡುವೆ ಸಾರಿನ ಪಾತ್ರೆಯೂ ಇತ್ತು.

ಸ್ವಾಮಿ ಸ್ಟೇರಿಂಗ್ ಹಿಡಿದ. ಅದುವರೆಗೆ ಟ್ರಾಕ್ಟರ್ ಬಿಟ್ಟು ಬೇರೆ ಓಡಿಸಿದವನಲ್ಲ. ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ, ಹಿಂದೆ ಟ್ರೈಲರ್ ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಿದ್ದ. ಅವನು ಹಿಂದೆ ನೋಡಿದಾಗಲೆಲ್ಲ ಪ್ರಸನ್ನ ಮುಂದೆ ನೋಡಿ ದೇವರ ಹೆಸರು ಹೇಳುತ್ತಿದ್ದರು. ಕಲ್ಲುಗಣಿಯ ರಸ್ತೆಯಲ್ಲಿ ಜೀಪು ಕುಣಿದ ಕುಣಿತಕ್ಕೆ ಸಾರಿನ ಪಾತ್ರೆ ಪಾಸಾಯಿತು, ಅತ್ತೆ ಫೇಲಾದರು. ಪಾಂಡವಪುರದ ದಾರಿಯ ಮೊದಲ ಆಲೆಮನೆಯ ಬೆಲ್ಲದ ವಾಸನೆ ಬಂದದ್ದೇ ಬಂದದ್ದು, "ನಿಲ್ಸೋ ಸ್ವಾಮಿ" ಎಂದು ಕೂಗಿ ಕಬ್ಬಿನ ಗದ್ದೆಗೆ ಇಳಿದರು.

ದೊಡ್ಡಮಾವ ಮುಂದಿನ ಸೀಟಿನಿಂದ ತಲೆಯಾಡಿಸಿದರು. "ಗಾಡಿ ಸರ್ಯಾಗಿಲ್ಲ."

ಎರಡನೆಯದು ಮೂತಿಯೇ ಇಲ್ಲದ, ಬ್ರೆಡ್ಡಿನಂತೆ ಕಾಣುವ ಒಂದು ವ್ಯಾನು. ರಸ್ತೆ ನುಣುಪಾಗಿರುವ ಕಡೆ ನೋಡೋಣ ಎಂದು ಈ ಸಲ ಶ್ರೀರಂಗಪಟ್ಟಣದ ಕಡೆಗೆ ಬಿಟ್ಟೆವು. ನಾನಂತೂ ಹಿಗ್ಗಿ ಹೋದೆ. ದಾರಿಯಲ್ಲೇ ನನ್ನ ತವರು, ಕಿರಂಗೂರು. ಹೊಸ ಗಾಡಿಯಲ್ಲಿ ಅತ್ತೆಮನೆಯವರ ದಂಡನ್ನೇ ಕರೆದುಕೊಂಡು ಹೋಗಿ ನಮ್ಮವ್ವನ ಬಾಗಿಲಿಗೆ ಇಳಿಯುವ ಠೀವಿ ನೆನೆದು ಒಳ್ಳೆಯ ಸೀರೆ ಉಟ್ಟಿದ್ದೆ. ಊರ ಬಾಗಿಲಿನವರೆಗೂ ಅತ್ತೆ ತಡೆದುಕೊಂಡರು. ಅವರಿಗೂ ನನ್ನ ಮರ್ಯಾದೆಯ ಚಿಂತೆ ಇತ್ತು ಪಾಪ. ನಮ್ಮವ್ವ ಆರತಿ ತಟ್ಟೆಯಂತೆ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ, ವ್ಯಾನಿನ ಹಿಂದಿನ ಬಾಗಿಲಿನಿಂದ ಮೊದಲು ಹೊರಬಿದ್ದದ್ದು ಅತ್ತೆಯ ತಲೆ, ಆಮೇಲೆ ಹೊರಬಿದ್ದದ್ದನ್ನು ಹೇಳಲಾರೆ. ಕೊನೆಗೆ ನನ್ನ ಒಳ್ಳೆಯ ಸೀರೆ.

"ಬೀಗ್ತಿ ಬಂದ್ರು ಅಂತ ಓಡ್ಬಂದ್ರೆ ಇಂಗಾ ಬರದು!" ಎಂದು ನಮ್ಮವ್ವ ಅತ್ತೆಯ ಬೆನ್ನು ನೀವಿದಳು. ಪ್ರಸನ್ನ ಮಾತ್ರ ಕಾಫಿ ಕುಡಿಯುತ್ತಾ, "ವ್ಯಾನಿಂದ ಅಲ್ಲಮ್ಮ, ಬೆಳಗ್ಗೆ ಏನೋ ತಿಂದಿರಬೇಕು" ಎಂದು ಕಂಪನಿಯ ಮಾನ ಉಳಿಸಲು ನೋಡಿದರು.

ದೊಡ್ಡಮಾವ ಹೇಳಿದ್ದು ಮತ್ತೆ ಅದೇ. "ಇದೂ ಸರ್ಯಾಗಿಲ್ಲ."

ಆ ರಾತ್ರಿ ಊಟಕ್ಕೆ ಬಡಿಸುತ್ತಾ ಅತ್ತೆ ಗಂಡಸರಿಗೆ ಕೇಳುವಂತೆ, ಆದರೆ ಯಾರ ಮುಖವನ್ನೂ ನೋಡದೆ ಹೇಳಿದರು: "ನನ್ನೊಬ್ಳಿಗೋಸ್ಕರ ಎಲ್ಲಾ ಗಾಡೀನೂ ಯಾಕ್ ವಾಪಸ್ ಕಳಿಸ್ತೀರಿ? ಚೆನ್ನಾಗಿರದ ಒಂದ ತಗಳಿ. ನಾನು ಮನೇಲಿರ್ತೀನಿ. ಹಸ ಕರ್ಯೋಕೆ ಯಾರಾರ ಬೇಕಲ್ಲ."

ಸ್ವಾಮಿಯ ತುತ್ತು ಬಾಯಲ್ಲೇ ನಿಂತಿತು. ಗಾಡಿ ಬೇಕು ಎಂದು ಹಗಲೂ ರಾತ್ರಿ ಕನವರಿಸುತ್ತಿದ್ದವನು ಅವನೇ. ಅವನೂ "ಅಂಗಾರೆ ತಗಳವ" ಎನ್ನಲಿಲ್ಲ. ದೊಡ್ಡಮಾವ ಬಹಳ ಹೊತ್ತು ಮಜ್ಜಿಗೆ ಕಲಸಿದರು. "ಇನ್ನೊಂದ ನೋಡವ. ಅದೇ ಕಡೇದು" ಎಂದು ಎದ್ದರು. ಗೌರಿ ಹಬ್ಬಕ್ಕೆ ಉಳಿದಿದ್ದದ್ದು ಕೆಲವೇ ದಿನ.

ಮೂರನೆಯ ಗಾಡಿ ಬಂತು. ಆಹಾ, ಅದು ಗಾಡಿ! ಚೌಕಾಕಾರದ ಮೈ, ಬಿಳಿ ಬಣ್ಣ, ಎತ್ತರದ ಚಕ್ರ, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ. ಮದುವೆಗೆ ಹೊರಟ ಗಂಡಿನ ಹಾಗೆ ನಮ್ಮ ಅಂಗಳದಲ್ಲಿ ನಿಂತಿತು. ಬೀದಿಯ ಅರ್ಧ ಜನ ಬಂದು ಅದರ ಮೈ ಸವರಿದರು. ಸ್ವಾಮಿ ಅದರ ಸುತ್ತ ಸುತ್ತಿದ, ಕೆಳಗೆ ಬಗ್ಗಿದ, ಕನ್ನಡಿಯಲ್ಲಿ ಮೀಸೆ ನೋಡಿಕೊಂಡ. ಪ್ರಸನ್ನನವರ ವರ್ಣನೆ ಏರುತ್ತಲೇ ಹೋಯಿತು. ಮುಂದಿನ ಸೀಟಿನ ಮೆತ್ತೆ ನೋಡಿ, ಮುಂದಿನ ಗಾಜು ನೋಡಿ, ಮುಂದೆ ಕಾಲು ಚಾಚಿ ನೋಡಿ. ದೊಡ್ಡಮಾವ ಮುಂದೆ ಕೂತರು, ಕಾಲು ಚಾಚಿದರು, ತಲೆದೂಗಿದರು. "ಹಿಂದೇನೂ ಇಷ್ಟೇ ಮಜವಾಗಿದೆ ಸಾರ್" ಎಂದು ಪ್ರಸನ್ನ ಹಿಂದಿನ ಬಾಗಿಲನ್ನು ಬಡಿದು ಮುಚ್ಚಿದರು.

ನನಗೆ ಮೈಯುರಿಯಿತು. ಎರಡು ಸಲ ಹಿಂದೆ ಕೂತು ಆ ಮಜ ಅನುಭವಿಸಿದವಳು ನಾನು. ಆದರೆ ಸೊಸೆಯರು ದೊಡ್ಡಮಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಹೇಳಬೇಕಾದ್ದನ್ನು ಮಗುವಿಗೋ ಗೋಡೆಗೋ ಹೇಳಿ ಅವರಿಗೆ ಕೇಳಿಸಬೇಕು. ಅಲ್ಲೇ ಗೂಟಕ್ಕೆ ಕಟ್ಟಿದ್ದ ಎಮ್ಮೆ ಸಿಕ್ಕಿತು. ಅದರ ಮುಂದೆ ಹುಲ್ಲು ಹಾಕುತ್ತಾ ಗಟ್ಟಿಯಾಗಿ ಅದಕ್ಕೇ ಹೇಳಿದೆ: "ನೋಡಮ್ಮಿ, ಈ ಮನೇಲಿ ರಾಗಿ ತಗಳವಾಗ ಮೂಟೆ ತಳಕ್ಕೆ ಕೈ ಹಾಕಿ ನೋಡ್ತಾರೆ. ಗಾಡಿ ತಗಳವಾಗ ಬರೀ ಮೂಟೆ ಬಾಯಿ ನೋಡಿ ಓಯ್ತಾರೆ."

ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. ದೊಡ್ಡಮಾವನ ಚಾಚಿದ ಕಾಲು ಮಾತ್ರ ನಿಧಾನವಾಗಿ ಮಡಚಿಕೊಂಡಿತು. ಇಡೀ ಪಾಂಡವಪುರ ಸಂತೆಗೆ ಗೊತ್ತಿದ್ದ ವಿಷಯ ಅದು. ದೊಡ್ಡಮಾವ ಮೊಣಕೈವರೆಗೆ ಕೈ ಇಳಿಸಿ, ತಳದ ರಾಗಿಯನ್ನು ಅಂಗೈಯಲ್ಲಿ ತೆಗೆದು ಊದಿ ನೋಡದೆ ಒಂದು ಮೂಟೆಯನ್ನೂ ಕೊಂಡವರಲ್ಲ. ಅವರು ಕೆಳಗಿಳಿದರು. ಎಮ್ಮೆಯನ್ನೊಮ್ಮೆ ನೋಡಿದರು, ನನ್ನನ್ನು ನೋಡಲಿಲ್ಲ.

"ತಗೀಲಾ ಹಿಂದಗಡೆ ಬಾಗ್ಲ. ಇವತ್ತು ನಾನು ಅಲ್ಲಿ ಕುಂತ್ಕತೀನಿ. ಏನಪ್ಪಾ ಟೈ, ನೀನೂ ಬಾ ನನ್ನೆದ್ರಿಗೆ. ಅದೇನ್ ಮಜವೋ ಇಬ್ರೂ ನೋಡವ."

ಪಂಚೆ ಎತ್ತಿಕಟ್ಟಿ ದೊಡ್ಡಮಾವ ಮೂರನೇ ಸಾಲಿಗೆ ಹತ್ತಿದ ಕೂಡಲೇ ನಮ್ಮ ಮನೆಯ ಶಾಸ್ತ್ರವೆಲ್ಲ ತಲೆಕೆಳಗಾಯಿತು. ಮುಂದಿನ ಸೀಟು ಖಾಲಿ ಬಿದ್ದಿತು. ನಮ್ಮ ಮಾವನಿಗೆ ಕೂರಲು ಹೇಳಿದರೆ, "ಅಣ್ಣ ಹಿಂದೆ ಕುಂತವ್ನೆ, ನಾನು ಮುಂದೆ ಕುಂತ್ಕಳದಾ?" ಎಂದು ಮಧ್ಯದ ಸಾಲಿನ ಮೂಲೆ ಸೇರಿದರು. ನನ್ನ ಗಂಡನೂ ಕೂರಲಿಲ್ಲ. ಅಪ್ಪನೇ ಕೂರದ ಜಾಗ, ಮಗ ಕೂರುವುದೆಲ್ಲಿ? ಅವರೂ ಅಪ್ಪನ ಪಕ್ಕಕ್ಕೆ ನುಗ್ಗಿದರು. ಇನ್ನು ಅತ್ತೆ. ಭಾವನವರ ಎದುರಿಗೆ ನಿಂತು ಮಾತಾಡದ ಹೆಂಗಸು, ಭಾವನವರ ಮಂಡಿಗೆ ಮಂಡಿ ತಾಗಿಸಿ ಆ ಅಡ್ಡ ಬೆಂಚಿನಲ್ಲಿ ಕೂರುವುದುಂಟೆ? ಅವರು ನಿಂಬೆಹಣ್ಣು ಹಿಡಿದು ಗಾಡಿಯ ಹೊರಗೇ ನಿಂತರು. "ನಾನು ಮನೇಲೇ ಇರ್ತೀನಿ" ಎಂದರು.

ಹಿಂದಿನಿಂದ ದೊಡ್ಡಮಾವನ ದನಿ ಬಂತು. "ಮುಂದೆ ಕುಂತ್ಕಳಕ್ಕೇಳ್ರಲಾ ಅವ್ಳಿಗೆ. ವೊತ್ತಾಯ್ತದೆ."

ಯಾರೂ ಬೆಚ್ಚಿಬೀಳಲಿಲ್ಲ. ಗಂಡಸರ ಲೆಕ್ಕದಲ್ಲಿ ಆ ಸೀಟಿನಲ್ಲಿ ಹೆಂಗಸು ಕೂತರೆ ಅದು ಖಾಲಿ ಇದ್ದ ಹಾಗೆಯೇ. ಅದರಿಂದ ಯಾರಿಗೂ ಅವಮಾನವಿಲ್ಲ. ಅತ್ತೆ ದೇವರ ಮಂಟಪ ಹತ್ತುವವರಂತೆ ಬಲಗಾಲಿಟ್ಟು ಹತ್ತಿ, ಸೀಟಿನ ತುದಿಯಲ್ಲಿ ಕೂತು, ಮುಖಕ್ಕೆ ಸೆರಗು ಎಳೆದುಕೊಂಡರು. ನಾನು ನಾಲ್ಕು ವರ್ಷದ ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಮಧ್ಯದ ಸಾಲಿನ ಕಿಟಕಿ ಹಿಡಿದೆ. ಸ್ವಾಮಿ ಗಾಡಿಯನ್ನು ಕೆ.ಆರ್. ಪೇಟೆ ರಸ್ತೆಗೆ ತಿರುಗಿಸಿದ. ತಿರುಗಿಸುವಾಗ ಹಿಂದೆ ನೋಡಿದ. ಈ ಸಲ ಅಲ್ಲಿ ಟ್ರೈಲರ್ ಬದಲು ದೊಡ್ಡಪ್ಪನ ಮುಖವಿತ್ತು, ಬೆದರಿ ಮುಂದಕ್ಕೆ ತಿರುಗಿದವನು ಮತ್ತೆ ಹಿಂದೆ ನೋಡಲಿಲ್ಲ. ಅವನಿಗೆ ಗಾಡಿ ಓಡಿಸಲು ಬಂದದ್ದೇ ಅವತ್ತು.

ಏನು ಓಟ ಅದು! ಎರಡೂ ಕಡೆ ಭತ್ತದ ಹಸಿರು, ನಾಲೆಯಲ್ಲಿ ತುಂಬಿದ ನೀರು, ಕಿಟಕಿಯಿಂದ ಗಾಳಿ. ಮಗಳು ಕಂಡ ಕಂಡ ಹಸುವಿಗೆಲ್ಲ ಟಾಟಾ ಮಾಡುತ್ತಿದ್ದಳು. ನಾನು ಒಂದು ಕಣ್ಣನ್ನು ಅತ್ತೆಯ ಸೆರಗಿನ ಮೇಲೆ ಇಟ್ಟಿದ್ದೆ. ಈಗ ನಿಲ್ಲಿಸು ಅನ್ನುತ್ತಾರೆ, ಇನ್ನೊಂದು ತಿರುವಿಗೆ ಅನ್ನುತ್ತಾರೆ. ನಾಲೆಯ ಸೇತುವೆ ದಾಟಿತು, ಆ ರಸ್ತೆಯಲ್ಲೂ ಇದ್ದ ಒಂದು ಆಲೆಮನೆ ದಾಟಿತು, ಬೆಲ್ಲದ ವಾಸನೆಯೂ ದಾಟಿತು. ಸೆರಗು ಅಲ್ಲಾಡಲಿಲ್ಲ. ಆಮೇಲೆ ಸೆರಗು ಸ್ವಲ್ಪ ಜಾರಿತು. ಜಾರಿದ್ದನ್ನು ಅವರು ಎಳೆದುಕೊಳ್ಳಲಿಲ್ಲ.

"ನಿಲ್ಸೋ!" ಎಂಬ ಕೂಗು ಬಂತು. ಬಂದದ್ದು ಮುಂದಿನಿಂದಲ್ಲ.

ಗಾಡಿ ನಿಲ್ಲುವುದಕ್ಕೂ ಪ್ರಸನ್ನ ಹಿಂದಿನ ಬಾಗಿಲು ಒದ್ದು ತೆಗೆಯುವುದಕ್ಕೂ ಸರಿಹೋಯಿತು. ದೊಡ್ಡಮಾವ ಇಳಿದವರೇ ಮೈಲಿಗಲ್ಲನ್ನು ತಬ್ಬಿಕೊಂಡರು. ಆ ಕಲ್ಲಿನ ಆಚೆ ನಡೆದದ್ದನ್ನು ನಾವೆಲ್ಲ ಕೇಳಿಸಿಕೊಂಡೆವು, ನೋಡಲಿಲ್ಲ. ನನ್ನ ಗಂಡ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ಮಾವ ಆಕಾಶದಲ್ಲಿ ಮೋಡ ಹುಡುಕತೊಡಗಿದರು. ನನ್ನ ಮಗಳು ಒಬ್ಬಳೇ, ಯಾವ ಶಾಸ್ತ್ರವೂ ತಿಳಿಯದವಳು, "ದೊಡ್ಡತಾತನೂ ವಾಂತಿ!" ಎಂದು ಚಪ್ಪಾಳೆ ತಟ್ಟಿದಳು.

ಮುಂದಿನ ಸೀಟಿನಿಂದ ಒಂದು ಕೈ ಹಿಂದಕ್ಕೆ ಚಾಚಿತು. ಆ ಕೈಯಲ್ಲಿ ನಿಂಬೆಹಣ್ಣಿತ್ತು. "ಭಾವನೋರಿಗೆ ಕೊಡಮ್ಮಿ" ಎಂದರು ಅತ್ತೆ. ನಾನು ನನ್ನ ಗಂಡನಿಗೆ ಕೊಟ್ಟೆ, ಅವರು ಪ್ರಸನ್ನನಿಗೆ ಕೊಟ್ಟರು, ಪ್ರಸನ್ನ ದೊಡ್ಡಮಾವನಿಗೆ ಕೊಟ್ಟರು. ದೊಡ್ಡಮಾವ ಅದನ್ನು ಮೂಗಿಗೆ ಒತ್ತಿಕೊಂಡು ಮೈಲಿಗಲ್ಲಿನ ಮೇಲೆ ಕೂತರು.

ವಾಂತಿಯಾದ ಗಾಡಿ ವಾಪಸ್ ಎಂಬುದು ಅವರೇ ಮಾಡಿದ ಕಾನೂನು. ಸ್ವಾಮಿ ಸ್ಟೇರಿಂಗಿಗೆ ಹಣೆ ಇಟ್ಟುಬಿಟ್ಟಿದ್ದ. ಆಗಲೇ ಅತ್ತೆ ಕಿಟಕಿಯಿಂದ ಇಡೀ ತಲೆ ಹೊರಹಾಕಿ ಹೇಳಿದರು:

"ಅಯ್ಯೋ, ಇಲ್ಲೊಂದು ಕೆರೆ ಐತಲ್ಲೋ ಸ್ವಾಮಿ!"

"ನೀನು ಮದ್ವೆಯಾಗಿ ಬರದ್ಕಿಂತ ಮುಂಚಿಂದ್ಲೂ ಐತೆ ಕಣವ್ವ."

"ನಾನು ನೋಡೇ ಇಲ್ವಲ್ಲೋ! ಎಷ್ಟು ದೊಡ್ಡದೈತೆ! ತಾವರೆ ಬೇರೆ ಬಿಟ್ಟದೆ!"

ಮದುವೆಯಾದ ಮೇಲೆ ಎಷ್ಟೋ ವರ್ಷ ಅದೇ ರಸ್ತೆಯಲ್ಲಿ ತವರಿಗೆ ಹೋಗಿ ಬಂದಿದ್ದ ಹೆಂಗಸು. ಅವರಿಗೆ ಆ ದಾರಿಯೆಂದರೆ ಸೆರಗಿನ ಒಳಗಿನ ಕತ್ತಲೆ, ನಿಂಬೆಹಣ್ಣಿನ ವಾಸನೆ. ದೊಡ್ಡಮಾವ ಮೈಲಿಗಲ್ಲಿನ ಮೇಲಿಂದ ಕೆರೆಯ ಕಡೆ ನೋಡಿದರು. ಗಾಡಿಯ ಹಿಂದಿನ ಬೆಂಚಿನ ಕಡೆ ನೋಡಿದರು. ಎರಡನ್ನೂ ನಿಧಾನವಾಗಿ, ಅಂಗೈ ಮೇಲಿನ ರಾಗಿಯನ್ನು ನೋಡುವಂತೆಯೇ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ನನ್ನ ಮಗಳಿಗೆ ಹೇಳಿದರು:

"ನಿಮ್ಮಜ್ಜೀಗೆ ಒಟ್ಟೆ ತೊಳಸ್ತಾ ಐತಾ ಕೇಳವ್ವ."

"ಇಲ್ಲ ಅಂತೇಳು ಮಗ" ಎಂದರು ಅತ್ತೆ, ಕೆರೆಯಿಂದ ಕಣ್ಣು ಕೀಳದೆ.

"ಅಂಗಾರೆ ನಡೀರ್ಲಾ ಮುಂದಕ್ಕೆ."

ಪ್ರಸನ್ನ ಬ್ಯಾಗು ಎದೆಗವಚಿಕೊಂಡರು. "ಮುಂದಕ್ಕಾ ಸಾರ್? ವಾಪಸ್ ಹೋಗ್ಬೇಕಲ್ವಾ? ನಾಲೆ ಸೇತುವೆ ತನಕ ಅಂತ ಬರೆಸಿ ಬಂದಿದ್ದೀನಿ."

"ಗೋವಿಂದನಳ್ಳೀಲೂ ನಾಲೆ ಸೇತ್ವೆ ಇರ್ಬೋದು, ಬಾರಯ್ಯ" ಎಂದು ದೊಡ್ಡಮಾವ ಮಧ್ಯದ ಸಾಲಿನ ಕಿಟಕಿ ಪಕ್ಕ ಕೂತರು. ನಮ್ಮ ಮಾವ ಮೂರನೇ ಸಾಲಿಗೆ ಹೋದರು, ನಾನೂ ಮಗಳೂ ಹೋದೆವು. ಅತ್ತೆಯ ಮೂಲೆ ನನಗೆ ಸಿಕ್ಕಿತು.

ಮುನ್ಸೂಚನೆಯಿಲ್ಲದೆ ಒಂದು ಗಾಡಿ ತುಂಬಾ ನೆಂಟರು ಬಂದಿಳಿದರೆ ಆ ಕಾಲದಲ್ಲಿ ಅದಕ್ಕಿದ್ದ ಅರ್ಥ ಒಂದೇ. ಚನ್ನಪ್ಪ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿ ಬಂದ. ಬಂದವನು ಹಿಂದಿನ ಬಾಗಿಲಿಗೇ ಹೋದ. ಹೆಂಗಸರು ಇಳಿಯುವುದು ಯಾವಾಗಲೂ ಅಲ್ಲಿಂದಲೇ. ಅಲ್ಲಿ ಟೈ ಕಟ್ಟಿದ ಬಕ್ಕತಲೆಯವರು ಇಳಿಯುವುದನ್ನು ಕಂಡು ಅವನ ಮುಖ ಬಿಳುಚಿತು. "ಅಕ್ಕ ಎಲ್ಲಿ? ಯಾರ್ಗೇನಾಯ್ತು?"

"ಇಲ್ಲಿವ್ನಿ ಕಣ್ಲಾ" ಎಂದು ಅತ್ತೆ ಮುಂದಿನ ಬಾಗಿಲು ತೆರೆದು ಇಳಿದರು. ಕೆದರದ ತಲೆ, ಒಣಗಿದ ಸೆರಗು, ಅರಳಿದ ಮುಖ. "ಯಾರ್ಗೂ ಏನೂ ಆಗಿಲ್ಲ. ಗಾಡಿ ನೋಡಕ್ಕೆ ಬಂದೊ."

"ಗಾಡಿ ನೋಡಕ್ಕೆ ಇಲ್ಲಿಗ್ಯಾಕ್ ಬಂದ್ರಿ?"

"ಇಲ್ಲಿಗಂಟ ಬತ್ತದಾ ಅಂತ ನೋಡಕ್ಕೆ ಕಣೋ ದಡ್ಡ!"

ಆಮೇಲಿನದು ಗಲಾಟೆ, ಅಳು, ನಗು, ಕೋಳಿ ಹಿಡಿಯುವ ಓಟ. ಕೋಳಿ ಬೇಯುವವರೆಗೆ ಗಂಡಸರು ಪಂಚಲಿಂಗೇಶ್ವರನ ಗುಡಿಗೆ ಹೋದರು, ನಾವೂ ಹೋದೆವು. ಹೊಯ್ಸಳರ ಗುಡಿಗಳಲ್ಲಿ ಮೂರು ಗರ್ಭಗುಡಿಗಳಿದ್ದರೆ ಸಾಮಾನ್ಯವಾಗಿ ನಡುವೆ ಒಂದು ಮುಖ್ಯವಾದದ್ದು, ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಅಲ್ಲೂ ಒಬ್ಬ ಯಜಮಾನನ ಜಾಗ ಇದ್ದೇ ಇರುತ್ತದೆ. ಗೋವಿಂದನಹಳ್ಳಿಯಲ್ಲಿ ಹಾಗಲ್ಲ. ಐದು ಲಿಂಗಕ್ಕೆ ಐದು ಗರ್ಭಗುಡಿ, ಎಲ್ಲವೂ ಪಕ್ಕಪಕ್ಕದಲ್ಲಿ, ಒಂದೇ ಸಾಲಿನಲ್ಲಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ. ಐದೂ ಶಿವಂದಿರಿಗೆ ಎದುರಿನ ಹೊಲ ಕಾಣುತ್ತದೆ. ದೊಡ್ಡಮಾವ ಆ ಉದ್ದದ ಮಂಟಪದ ಈ ತುದಿಯಿಂದ ಆ ತುದಿಗೆ ನಡೆದು, ಒಂದೊಂದರ ಮುಂದೂ ಕೈಮುಗಿದು, ಕೊನೆಗೆ ಸ್ವಾಮಿಗೆ ಹೇಳಿದರು: "ಇವ್ರು ಯಾವನೂ ಇನ್ನೊಬ್ನ ಹಿಂದೆ ಕುಂತಿಲ್ಲ ನೋಡ್ಲಾ." ಭಕ್ತಿಯಿಂದ ಹೇಳಿದರೋ, ಹೊಟ್ಟೆ ಇನ್ನೂ ಸರಿಹೋಗದೆ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಊಟವಾದ ಮೇಲೆ ಎಲೆಯಡಿಕೆ ಮಡಿಸುತ್ತಾ ತೀರ್ಪು ಕೊಟ್ಟರು. "ಈ ಗಾಡೀನೇ ಇರ್ಲಿ."

ಪ್ರಸನ್ನ ನಾಲಿಗೆ ಕಚ್ಚಿಕೊಳ್ಳುವ ಮೊದಲೇ ಬಾಯಿಂದ ಸತ್ಯ ಹೊರಬಿತ್ತು. "ಅಲ್ಲ ಸಾರ್, ನಿಮಗೆ ಇದರಲ್ಲೇ ವಾಂತಿ ಆಯ್ತಲ್ಲ?"

"ನಂಗಾದ್ರೇನಯ್ಯ? ನಾನೇನು ತವರ್ಮನೆಗೋಗ್ಬೇಕಾ?"

ಅತ್ತೆ ಅಡುಗೆಮನೆಯಲ್ಲಿದ್ದರು. ಒಳಗೆ ಬಳೆ ಸದ್ದು ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು.

ಯೋಚಿಸಿದರೆ ಒಮ್ಮೊಮ್ಮೆ ಆ ಮೊದಲಿನ ಎರಡು ಗಾಡಿಗಳ ಮೇಲೆ ನನಗೆ ಮರುಕ ಬರುತ್ತದೆ. ಏನೂ ತಪ್ಪು ಮಾಡದ ಬಡಪಾಯಿಗಳು. ಮುಂದೆ ಕೂರಿಸಿದ್ದರೆ ಅತ್ತೆ ಆ ಉದ್ದನೆಯ ಜೀಪಿನಲ್ಲೂ ಹಾಡಿಕೊಂಡು ಹೋಗುತ್ತಿದ್ದರೇನೋ. ನಾವು ಅಷ್ಟು ಜನ, ಅಷ್ಟು ಹೊತ್ತು, ಗಾಡಿಯನ್ನೇ ಬದಲಾಯಿಸುತ್ತಾ ಹೋದೆವು. ಒಬ್ಬರಿಗೂ ಸೀಟು ಬದಲಾಯಿಸಲು ತೋಚಲಿಲ್ಲ. ಅದನ್ನು ಮೊನ್ನೆ ಶೋರೂಮಿನ ಹುಡುಗಿಗೆ ವಿವರಿಸಲು ಹೋದೆ. ಅವಳು ಪಾಪ ಚಾವಣಿಯ ಗಾಜು ಸರಿಸಿ ನನಗೆ ಆಕಾಶ ತೋರಿಸಿದಳು.

ಗೌರಿ ಹಬ್ಬದ ಬೆಳಗ್ಗೆ ಗಾಡಿಗೆ ಪೂಜೆ. ಚೆಂಡು ಹೂವಿನ ಹಾರ, ಗಾಜಿನ ಮೇಲೆ ಅರಿಶಿನ ಕುಂಕುಮ, ಬಾಗಿಲಿಗೆ ಕಟ್ಟಿದ ಮಾವಿನ ಸೊಪ್ಪು. ಅತ್ತೆ ಹಸಿರು ರೇಷ್ಮೆ ಉಟ್ಟು, ಕೈಯಲ್ಲಿ ನಿಂಬೆಹಣ್ಣಿಲ್ಲದೆ, ಮುಂದಿನ ಬಾಗಿಲ ಪಕ್ಕ ನಿಂತಿದ್ದರು. ನಿಂತ ರೀತಿ ನೋಡಿದರೆ ಆ ಬಾಗಿಲು ಅವರು ಹುಟ್ಟಿದಾಗಿನಿಂದ ಅವರದೇ. ಸ್ವಾಮಿ ಚಕ್ರಕ್ಕೆ ಒಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟ. ಗೋವಿಂದನಹಳ್ಳಿಗೆ ಹೊರಡಬೇಕು, ಅಷ್ಟರಲ್ಲಿ ದೊಡ್ಡಮಾವ ಕೈ ಚಾಚಿದರು.

"ಇನ್ನೊಂದ ತತ್ತಾ."

"ನಾಲ್ಕೂ ಚಕ್ರಕ್ಕೆ ಇಟ್ಟಾಯ್ತಲ್ಲ ದೊಡ್ಡಪ್ಪ. ಐದನೇದು ಯಾಕೆ?"

"ಸ್ಟೆಪ್ನಿಗೆ ಕಣ್ಲಾ" ಎಂದು ದೊಡ್ಡಮಾವ ಆ ನಿಂಬೆಹಣ್ಣನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಮಧ್ಯದ ಬಾಗಿಲು ತೆಗೆದು, ಹತ್ತಿ ಕೂತರು.